ಜನ್ಮಭೂಮಿ ಮತ್ತು ವಂಶ: ಪೌರತ್ವದ ಎರಡು ಮೂಲಗಳು

೧

ರಾಜ್ಯವೊಂದಕ್ಕೆ ಸೇರಿದ ಮನುಷ್ಯನನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ‘ಪ್ರಜೆ’ ಎಂದೂ ‘ಪೌರ’ ಎಂದೂ ಎರಡು ಶಬ್ದಗಳು ರೂಢಿಯಲ್ಲಿವೆ. ಎರಡೂ ಸಂಸ್ಕೃತದಿಂದ ಬಂದವು. ಆದರೆ ಅವುಗಳ ಹುಟ್ಟು ಬೇರೆ ಬೇರೆ. ‘ಪ್ರಜಾ’ ಶಬ್ದಕ್ಕೆ ಮೊದಲ ಅರ್ಥ ಸಂತಾನ, ಮಕ್ಕಳು ಎಂದು. ಅರಸನ ಆಳಿಕೆಗೆ ಒಳಪಟ್ಟ ಜನರೆಂಬುದು ಆ ಅರ್ಥದಿಂದ ಬೆಳೆದು ಬಂದುದು. ‘ಪೌರ’ನಾದರೋ ಪುರದಲ್ಲಿರುವವನು, ಅವನಿಗೆ ಆ ಹೆಸರು ಬಂದುದು ಊರಿನಿಂದ, ಹೆತ್ತವರಿಂದಲ್ಲ. ಮನುಷ್ಯನು ರಾಜ್ಯಕ್ಕೆ ಸೇರುವುದು ತಂದೆತಾಯಿಗಳ ಮೂಲಕವೋ ಹುಟ್ಟಿದ ನೆಲದ ಮೂಲಕವೋ ಎಂಬ ಪ್ರಶ್ನೆಗೆ ಲೋಕದ ನ್ಯಾಯಶಾಸ್ತ್ರವು ಕೊಟ್ಟಿರುವ ಎರಡು ಉತ್ತರಗಳ ಛಾಯೆಯೂ ಹೀಗೆ ನಮ್ಮ ನುಡಿಯ ಎರಡು ಪದಗಳಲ್ಲಿ ಕಾಣುತ್ತದೆ.

ಪಾಶ್ಚಾತ್ಯ ನ್ಯಾಯವಿದರು ಲ್ಯಾಟಿನ್ ಭಾಷೆಯಲ್ಲಿ ಒಂದನ್ನು ‘ಯೂಸ್ ಸೋಲಿ’ ಎಂದೂ, ಅಂದರೆ ನೆಲದ ಹಕ್ಕೆಂದೂ, ಇನ್ನೊಂದನ್ನು ‘ಯೂಸ್ ಸಾಂಗ್ವಿನಿಸ್’ ಎಂದೂ, ಅಂದರೆ ರಕ್ತದ ಹಕ್ಕೆಂದೂ ಕರೆಯುತ್ತಾರೆ. ಇವನ್ನು ನಾವು ಜನ್ಮಸ್ಥಾನನಿಯಮ, ವಂಶನಿಯಮ ಎಂದು ಕರೆಯೋಣ. ಮೊದಲನೆಯದು ಉದಾರವಾದುದು, ಸ್ವಾತಂತ್ರ್ಯಕ್ಕೆ ಅನುಕೂಲವಾದುದು. ಎರಡನೆಯದು ಸಂಕುಚಿತವಾದುದು, ಕುಲಾಭಿಮಾನದಿಂದ ಹುಟ್ಟಿದುದು ಎಂಬ ಅಭಿಪ್ರಾಯವು ವಿದ್ಯಾವಂತರಲ್ಲಿ ಬಹಳವಾಗಿ ಹಬ್ಬಿದೆ. ಚರಿತ್ರೆಯು ಈ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆಂಬುದನ್ನು ಕೆಲವು ನಿದರ್ಶನಗಳಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ವಂಶನಿಯಮಕ್ಕೆ ಪ್ರಾಚೀನಕಾಲದ ಅತ್ಯಂತ ಪ್ರಸಿದ್ಧವಾದ ನಿದರ್ಶನವೆಂದರೆ ಅಥೆನ್ಸ್ ನಗರದ್ದು. ಕ್ರಿ. ಪೂ. ೪೫೧-೪೫೦ರಲ್ಲಿ ಪೆರಿಕ್ಲೀಸನ ಸೂಚನೆಯ ಮೇಲೆ ಅಲ್ಲಿನ ಜನಸಭೆಯು ಒಂದು ಶಾಸನವನ್ನು ಮಾಡಿತು. ತಂದೆತಾಯಿಗಳಿಬ್ಬರೂ ಪೌರರಾಗಿದ್ದ ಹೊರತು ಮಗನಿಗೆ ಪೌರತ್ವವಿಲ್ಲವೆಂಬುದೇ ಅದರ ತಾತ್ಪರ್ಯ. ಅದಕ್ಕೆ ಮುಂಚೆ ತಂದೆಯು ಪೌರನಾಗಿದ್ದರೆ ಸಾಕಾಗಿತ್ತು. ಅಥೆನ್ಸಿನ ಪ್ರಜಾಪ್ರಭುತ್ವಕ್ಕೆ ಅಡಿಗಲ್ಲನ್ನಿಟ್ಟ ಕ್ಲೈಸ್ತನೀಸನ ತಾಯಿ ಸಿಕ್ಯೋನಿನ ಅರಸುಮಗಳು. ಪೆರಿಕ್ಲೀಸನ ಶಾಸನವು ಆ ಕಾಲದಲ್ಲಿದ್ದಿದ್ದರೆ ಪ್ರಜಾಪ್ರಭುತ್ವವನ್ನು ಸ್ಥಾಪಿಸಿದವನಿಗೇ ಅದರಲ್ಲಿ ಸ್ಥಾನವಿರುತ್ತಿರಲಿಲ್ಲ.

ಈ ಶಾಸನವು ಹುಟ್ಟಿದುದೇಕೆ? ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ‘ಅಥೆನ್ಸಿನ ರಾಜ್ಯಪದ್ಧತಿ’ ಎಂಬ ಗ್ರಂಥವು ಪೌರರ ಸಂಖ್ಯೆಯು ಹೆಚ್ಚಾದುದೇ ಕಾರಣವೆಂದು ಹೇಳುತ್ತದೆ. ಪೌರನಾದವನಿಗೆ ನ್ಯಾಯಸ್ಥಾನದ ವೇತನವುಂಟು, ಭೂಮಿಯನ್ನು ಹೊಂದುವ ಹಕ್ಕುಂಟು, ನಗರಕ್ಕೆ ಬಂದ ಲಾಭದಲ್ಲಿ ಪಾಲುಂಟು. ಹಂಚಿಕೊಳ್ಳತಕ್ಕ ಸಂಪತ್ತು ಹೆಚ್ಚಿದಾಗ ಪಾಲುಗಾರರನ್ನು ಕಡಮೆ ಮಾಡಬೇಕೆಂಬ ಬುದ್ಧಿಯು ಹುಟ್ಟುವುದು ಸಹಜವೇ ಸರಿ. ಮುಂದೆ ಈಜಿಪ್ಟಿನ ಅರಸನೊಬ್ಬನು ೪೦,೦೦೦ ಅಳತೆಗಳಷ್ಟು ಧಾನ್ಯವನ್ನು ನಗರಕ್ಕೆ ಕಾಣಿಕೆಯಾಗಿ ಕಳುಹಿಸಿದನೆಂದೂ, ಅದನ್ನು ಹಂಚುವ ಸಂದರ್ಭದಲ್ಲಿ ಪೌರರ ಪಟ್ಟಿಯನ್ನು ಶೋಧಿಸಲಾಯಿತೆಂದೂ, ಸುಮಾರು ೫,೦೦೦ ಮಂದಿ ಪೌರರಲ್ಲವೆಂದು ತೀರ್ಮಾನವಾಗಿ ದಾಸ್ಯಕ್ಕೆ ಮಾರಲ್ಪಟ್ಟರೆಂದೂ, ೧೪,೦೪೦ ಮಂದಿ ಉಳಿದುಕೊಂಡರೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ಆತನು ಈ ಸಂಗತಿಗಳು ನಡೆದು ಐದುನೂರು ವರ್ಷಗಳಾದ ಮೇಲೆ ಬರೆದವನಾದುದರಿಂದ ಆ ಅಂಕಿಗಳನ್ನು ಎಚ್ಚರದಿಂದ ಸ್ವೀಕರಿಸಬೇಕು. ಆದರೆ ಶೋಧನೆಯು ನಡೆದುದು ಧಾನ್ಯದ ರಾಶಿಯ ಮುಂದೆ ಎಂಬುದು ಗಮನಿಸತಕ್ಕ ಮಾತು.

ಶಾಸನಕರ್ತನೇ ತನ್ನ ಶಾಸನಕ್ಕೆ ಸಿಕ್ಕಿಬಿದ್ದ ಕಥೆಯನ್ನೂ ಪ್ಲೂಟಾರ್ಕನೇ ಹೇಳುತ್ತಾನೆ. ಅಥೆನ್ಸಿಗೆ ಮಹಾಮಾರಿಯು ತಗುಲಿದಾಗ ಪೆರಿಕ್ಲೀಸನ ಔರಸಪುತ್ರರಿಬ್ಬರೂ ತೀರಿಹೋದರು. ಉಳಿದವನು ಮಿಲೀಟಸಿನವಳಾದ ಅಸ್ಪೇಸಿಯಾಳಲ್ಲಿ ಹುಟ್ಟಿದ ಮಗನೊಬ್ಬನು, ಅವನು ಪೌರನಲ್ಲ. ಮುದಿವಯಸ್ಸಿನ ನಾಯಕನು ತಾನೇ ಮಾಡಿಸಿದ ನಿಯಮವನ್ನು ಈತನ ವಿಷಯದಲ್ಲಿ ಸಡಿಲಿಸಬೇಕೆಂದು ಜನಸಭೆಯನ್ನು ಬೇಡಿದನು. ಜನರು ಮರುಗಿ ಒಪ್ಪಿದರು. ಆ ಮಗನು ಮುಂದೆ ಸೇನಾನಿಯಾಗಿ, ಕ್ರಿ. ಪೂ. ೪೦೬ರಲ್ಲಿ ಅರ್ಗಿನೂಸೆಯ ನೌಕಾಯುದ್ಧವನ್ನು ಗೆದ್ದ ಮೇಲೂ ಅದೇ ಜನಸಭೆಯಿಂದ ಮರಣದಂಡನೆಗೆ ಗುರಿಯಾದನು. ಪೌರತ್ವವನ್ನು ದಯೆಯಿಂದ ಪಡೆದವನೂ ಜನನದಿಂದ ಪಡೆದವರೂ ಆ ದಿನ ಒಂದೇ ಶಿಕ್ಷೆಯನ್ನು ಅನುಭವಿಸಿದರು.

೩

ಜನ್ಮಸ್ಥಾನನಿಯಮದ ಮೂಲವನ್ನು ಹುಡುಕುತ್ತ ಹೋದರೆ ನಮಗೆ ಸಿಕ್ಕುವುದು ಸ್ವಾತಂತ್ರ್ಯವಲ್ಲ, ಒಡೆತನ. ಸ್ಕಾಟ್ಲೆಂಡಿನ ಅರಸನಾಗಿದ್ದ ಜೇಮ್ಸನು ೧೬೦೩ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದನು. ಆ ಬಳಿಕ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕೂಸೊಂದಕ್ಕೆ ಇಂಗ್ಲೆಂಡಿನಲ್ಲಿ ಭೂಮಿಯನ್ನು ಹೊಂದುವ ಹಕ್ಕುಂಟೇ ಎಂಬ ವ್ಯಾಜ್ಯವು ೧೬೦೮ರಲ್ಲಿ ನ್ಯಾಯಾಧೀಶರ ಮುಂದೆ ಬಂದಿತು. ಇದೇ ಪ್ರಸಿದ್ಧವಾದ ‘ಕಾಲ್ವಿನ್ನನ ಮೊಕದ್ದಮೆ’. ಪರದೇಶೀಯನಿಗೆ ಭೂಮಿಯ ಹಕ್ಕಿಲ್ಲವೆಂಬುದು ಅಲ್ಲಿನ ನ್ಯಾಯವಾಗಿದ್ದುದರಿಂದ, ಕೂಸು ಪರದೇಶೀಯನೇ ಅಲ್ಲವೇ ಎಂಬುದನ್ನು ನಿರ್ಣಯಿಸಬೇಕಾಯಿತು. ಅರಸನ ಆಳಿಕೆಗೂ ರಕ್ಷಣೆಗೂ ಒಳಪಟ್ಟ ನೆಲದಲ್ಲಿ ಹುಟ್ಟಿದವನು ಹುಟ್ಟಿದ ಗಳಿಗೆಯಿಂದಲೇ ಆ ಅರಸನಿಗೆ ನಿಷ್ಠೆಯ ಋಣವನ್ನು ಹೊತ್ತವನು. ಆದುದರಿಂದ ಅವನು ಪರದೇಶೀಯನಲ್ಲ ಎಂದು ನ್ಯಾಯಾಧೀಶರಲ್ಲಿ ಬಹುಮಂದಿ ತೀರ್ಪಿತ್ತರು. ಎಡ್ವರ್ಡ್ ಕೋಕನು ಬರೆದಿಟ್ಟ ವರದಿಯಿಂದ ಈ ತೀರ್ಪು ಆಂಗ್ಲೇಯ ಸಾಮ್ರಾಜ್ಯಕ್ಕೆಲ್ಲ ಪ್ರಮಾಣವಾಯಿತು.

ತೀರ್ಪು ಕೂಸಿಗೆ ಅನುಕೂಲವಾಗಿದ್ದಿತು, ನಿಜ. ಆದರೆ ಅದರ ಹಿಂದಿದ್ದ ತತ್ತ್ವವನ್ನು ನೋಡಬೇಕು. ಹೊಲದಲ್ಲಿ ಬೆಳೆದುದು ಹೊಲದ ಒಡೆಯನಿಗೆ ಸೇರುವಂತೆ ನಾಡಿನಲ್ಲಿ ಹುಟ್ಟಿದವನು ನಾಡಿನ ಒಡೆಯನಿಗೆ ಸೇರುತ್ತಾನೆ. ಈ ಸಂಬಂಧವನ್ನು ಅವನು ಕೊನೆಯವರೆಗೂ ಕಳಚಿಕೊಳ್ಳಲಾರನು. ಅಮೆರಿಕದಲ್ಲಿ ನೆಲಸಿ ಅಲ್ಲಿಯ ಪೌರತ್ವವನ್ನು ಪಡೆದ ನಾವಿಕರನ್ನು ಕೂಡ ಬ್ರಿಟಿಷ್ ನೌಕಾಸೈನ್ಯವು ತನ್ನವರೆಂದೇ ಹಿಡಿದು ಕೆಲಸಕ್ಕೆ ಎಳೆದೊಯ್ಯುತ್ತಿದ್ದುದು ಈ ತತ್ತ್ವದ ಬಲದಿಂದಲೇ. ೧೮೧೨ರ ಯುದ್ಧಕ್ಕೆ ಇದೂ ಒಂದು ಕಾರಣವಾಯಿತು. ನಿಷ್ಠೆಯನ್ನು ತ್ಯಜಿಸುವ ಹಕ್ಕು ಬ್ರಿಟಿಷ್ ಪ್ರಜೆಗೆ ಶಾಸನದಿಂದ ದೊರೆತುದು ೧೮೭೦ರಲ್ಲಿ.

ಈ ಒಡೆತನದ ಭಾವನೆಗೆ ಪ್ರತಿಯಾಗಿಯೇ ಫ್ರಾನ್ಸಿನಲ್ಲಿ ವಂಶನಿಯಮವು ಹೊಸದಾಗಿ ತಲೆಯೆತ್ತಿತು. ಮಹಾಕ್ರಾಂತಿಯ ತರುವಾಯ ಸಿವಿಲ್ ಸಂಹಿತೆಯು ಸಿದ್ಧವಾಗುತ್ತಿದ್ದಾಗ, ಫ್ರಾನ್ಸಿನಲ್ಲಿ ಹುಟ್ಟಿದವರೆಲ್ಲರೂ ಫ್ರೆಂಚರೇ ಆಗಲೆಂದು ನೆಪೋಲಿಯನ್ ಬೋನಪಾರ್ಟನು ವಾದಿಸಿದನು. ನ್ಯಾಯವಿದನಾದ ತ್ರೋನ್ಷೆಯು ಇದನ್ನು ವಿರೋಧಿಸಿದನು. ೧೮೦೪ರ ಸಂಹಿತೆಯಲ್ಲಿ ಗೆದ್ದುದು ತ್ರೋನ್ಷೆಯ ಮತ: ಫ್ರೆಂಚನ ಮಗನು ಎಲ್ಲಿ ಹುಟ್ಟಿದರೂ ಫ್ರೆಂಚನೇ, ಪರದೇಶೀಯನ ಮಗನು ಫ್ರಾನ್ಸಿನಲ್ಲಿ ಹುಟ್ಟಿದ್ದರೆ ಪ್ರಾಪ್ತವಯಸ್ಕನಾದ ಒಂದು ವರ್ಷದೊಳಗೆ ಫ್ರೆಂಚ್ ಪೌರತ್ವವನ್ನು ಕೇಳಿಕೊಳ್ಳಬಹುದು. ಮನುಷ್ಯನು ನೆಲಕ್ಕೆ ಅಂಟಿದ ಸ್ವತ್ತಲ್ಲ. ತಂದೆಯ ಹೆಸರಿನಂತೆ ಪೌರತ್ವವೂ ಅವನೊಡನೆ ನಡೆದುಬರುತ್ತದೆ ಎಂಬುದು ಇದರ ಭಾವ. ಇಲ್ಲಿ ವಂಶನಿಯಮವೇ ಬಿಡುಗಡೆಯ ನಿಯಮವಾಗಿ ಕಾಣಿಸಿಕೊಂಡಿತೆಂದು ಹೇಳಬಹುದು.

ಆದರೆ ಅದೇ ಫ್ರಾನ್ಸು ೧೮೮೯ರಲ್ಲಿ ಪುನಃ ನೆಲದ ಕಡೆಗೆ ತಿರುಗಿತು. ಪರದೇಶೀಯರ ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆದು ಸೈನ್ಯದ ಸೇವೆಯಿಂದ ಮಾತ್ರ ತಪ್ಪಿಸಿಕೊಳ್ಳುತ್ತಿದ್ದರೆಂಬ ದೂರು ಪ್ರಬಲವಾಗಿದ್ದಿತು. ಆದುದರಿಂದ ಹಾಗೆ ಹುಟ್ಟಿ ಪ್ರಾಪ್ತವಯಸ್ಸಿನಲ್ಲಿ ಅಲ್ಲಿಯೇ ವಾಸವಾಗಿರುವವರು ಫ್ರೆಂಚರೆಂದು ಶಾಸನವಾಯಿತು. ಹಕ್ಕನ್ನು ಕೊಡುವ ಉತ್ಸಾಹಕ್ಕಿಂತ ಸೈನಿಕರನ್ನು ಪಡೆಯುವ ಆತುರವು ಇದರಲ್ಲಿ ಕಡಮೆಯಾಗಿರಲಿಲ್ಲ.

೪

ಜನ್ಮಸ್ಥಾನನಿಯಮವು ಒಡೆಯನ ಹಕ್ಕಾಗಿದ್ದುದು ಹೋಗಿ ಮನುಷ್ಯನ ಹಕ್ಕಾಗಿ ಮಾರ್ಪಟ್ಟುದು ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ. ೧೮೫೭ರ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ದಾಸರಾಗಿ ತರಲ್ಪಟ್ಟ ಆಫ್ರಿಕನರ ಸಂತತಿಯವರು, ಸ್ವತಂತ್ರರಾಗಿದ್ದರೂ, ಪೌರರಾಗಲಾರರೆಂದು ತೀರ್ಪಿತ್ತಿತು. ಅಂತರ್ಯುದ್ಧದ ಅನಂತರ, ೧೮೬೮ರಲ್ಲಿ ಅಂಗೀಕೃತವಾದ ರಾಜ್ಯಾಂಗದ ೧೪ನೆಯ ತಿದ್ದುಪಾಟು ಆ ತೀರ್ಪನ್ನು ಅಳಿಸಿಹಾಕಿ, ದೇಶದ ಅಧಿಕಾರಕ್ಕೊಳಪಟ್ಟು ಅಲ್ಲಿ ಹುಟ್ಟಿದವರೆಲ್ಲರೂ ಪೌರರೆಂದು ಘೋಷಿಸಿತು. ಸ್ಯಾನ್‌ಫ್ರಾನ್ಸಿಸ್ಕೋವಿನಲ್ಲಿ ಚೀನೀಯ ತಂದೆತಾಯಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬವನು ೧೮೯೫ರಲ್ಲಿ ಚೀನಾದಿಂದ ಹಿಂದಿರುಗಿದಾಗ ಅಧಿಕಾರಿಗಳು ಅವನನ್ನು ದಡಕ್ಕೆ ಇಳಿಯಗೊಡಲಿಲ್ಲ. ಅವನ ತಂದೆತಾಯಿಗಳಿಗೆ ಪೌರತ್ವವನ್ನು ಪಡೆಯುವ ಮಾರ್ಗವೇ ಇಲ್ಲದಿದ್ದರೂ ಅವನು ಜನನದಿಂದಲೇ ಪೌರನೆಂದು ೧೮೯೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು.

ಈ ಕೀರ್ತಿಯ ನಡುವೆ ಒಂದು ಕಲೆಯೂ ಉಂಟು. ಆ ನೆಲದ ಮೂಲನಿವಾಸಿಗಳ ಕುಲವೊಂದರಲ್ಲಿ ಹುಟ್ಟಿ, ಕುಲವನ್ನು ಬಿಟ್ಟು ನಗರದಲ್ಲಿ ನೆಲಸಿ ಮತವನ್ನು ಕೇಳಿದ ಜಾನ್ ಎಲ್ಕ್ ಎಂಬವನಿಗೆ ಅದೇ ನ್ಯಾಯಾಲಯವು ೧೮೮೪ರಲ್ಲಿ ಪೌರತ್ವವನ್ನು ನಿರಾಕರಿಸಿತು. ಕುಲದ ಅಧಿಕಾರದಲ್ಲಿ ಹುಟ್ಟಿದವನು ದೇಶದ ಅಧಿಕಾರಕ್ಕೆ ಪೂರ್ಣವಾಗಿ ಒಳಪಟ್ಟವನಲ್ಲವೆಂಬುದು ಕಾರಣ. ಮೂಲನಿವಾಸಿಗಳೆಲ್ಲರಿಗೂ ಪೌರತ್ವವು ದೊರೆತುದು ೧೯೨೪ರ ಶಾಸನದಿಂದ. ನೆಲವನ್ನೇ ಪ್ರಮಾಣವಾಗಿಟ್ಟುಕೊಂಡ ನಿಯಮವು ಆ ನೆಲದ ಅತ್ಯಂತ ಹಳೆಯ ಒಕ್ಕಲನ್ನೇ ಹೊರಗಿಟ್ಟಿದ್ದಿತು.

೫

ಈಗ ನಮ್ಮ ನೆರೆಯ ಸಿಂಹಳದ್ವೀಪಕ್ಕೆ ಬರೋಣ. ಕಾಫಿಯ, ತರುವಾಯ ಚಹದ, ತೋಟಗಳಲ್ಲಿ ದುಡಿಯುವುದಕ್ಕಾಗಿ ಹತ್ತೊಂಬತ್ತನೆಯ ಶತಮಾನದಿಂದ ತಮಿಳುನಾಡಿನ ಕೂಲಿಯವರು ಅಲ್ಲಿಗೆ ಹೋಗುತ್ತಿದ್ದರು. ೧೯೪೮ರಲ್ಲಿ ಸಿಲೋನು ಸ್ವತಂತ್ರವಾದಾಗ ಇವರಲ್ಲಿ ಬಹುಮಂದಿ ಅಲ್ಲಿಯೇ ಹುಟ್ಟಿದವರಾಗಿದ್ದರು. ಅದೇ ವರ್ಷದ ಪೌರತ್ವಶಾಸನವು ಹುಟ್ಟಿದ ನೆಲವನ್ನು ಸಾಕಷ್ಟು ಪ್ರಮಾಣವೆಂದು ಎಣಿಸಲಿಲ್ಲ. ೧೯೪೮ರ ನವೆಂಬರ್ ೧೫ಕ್ಕೆ ಮುಂಚೆ ದ್ವೀಪದಲ್ಲಿ ಹುಟ್ಟಿದವನು ಪೌರನೆನಿಸಬೇಕಾದರೆ ಅವನ ತಂದೆಯೂ ಅಲ್ಲಿಯೇ ಹುಟ್ಟಿರಬೇಕು; ಇಲ್ಲವೆ ತಂದೆಯ ತಂದೆಯೂ ಅವನ ತಂದೆಯೂ ಅಲ್ಲಿ ಹುಟ್ಟಿರಬೇಕು.

ಕಾಗದದ ಮೇಲೆ ಇದು ಎಲ್ಲರಿಗೂ ಒಂದೇ ನಿಯಮ. ಆದರೆ ಊರು, ಭೂಮಿ, ನೆರೆಹೊರೆ ಇದ್ದವನನ್ನು ಯಾರೂ ಪ್ರಮಾಣವನ್ನು ಕೇಳುವುದಿಲ್ಲ. ಕೇಳುವುದು ತೋಟದ ಸಾಲುಮನೆಯಲ್ಲಿರುವವನನ್ನು. ಓದುಬರಹವಿಲ್ಲದ ಕೂಲಿಯವನು ತಂದೆಯ, ತಾತನ ಜನನಪತ್ರವನ್ನು ಎಲ್ಲಿಂದ ತರಬೇಕು? ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವ ಪದ್ಧತಿಯುಳ್ಳ ಜನರಲ್ಲಿ, ತವರು ಕಡಲಿನ ಈಚೆಗಿದ್ದರೆ, ಕೂಸಿನ ಜನ್ಮಸ್ಥಾನವೂ ಈಚೆಗೇ ಬೀಳುತ್ತದೆ. ತಾಯಿಯ ಮನೆಯಲ್ಲಿ ಆರೈಕೆ ಪಡೆದುದು ಮೊಮ್ಮಗನ ಪೌರತ್ವಕ್ಕೆ ವಿಘ್ನವಾಗುವುದೆಂದು ಯಾವ ಬಾಣಂತಿಯು ತಾನೆ ಎಣಿಸಿಯಾಳು?

೧೯೪೭ರ ಚುನಾವಣೆಯಲ್ಲಿ ತೋಟದ ಕೂಲಿಯವರ ಪಕ್ಷವಾದ ಸಿಲೋನ್ ಇಂಡಿಯನ್ ಕಾಂಗ್ರೆಸ್ಸು ಏಳು ಸ್ಥಾನಗಳನ್ನು ಗೆದ್ದಿದ್ದಿತು. ೧೯೪೯ರಲ್ಲಿ ಮತದಾನದ ಹಕ್ಕನ್ನು ಪೌರತ್ವಕ್ಕೆ ಗಂಟುಹಾಕಲಾಗಿ, ಮುಂದಿನ ಚುನಾವಣೆಯಲ್ಲಿ ಅವರ ದನಿಯೇ ಅಡಗಿತು. ಹೀಗೆ ಲಕ್ಷಾಂತರ ಜನರು ಅಲ್ಲಿಯ ಪೌರರಲ್ಲ, ಭಾರತದ ಪೌರರೂ ಅಲ್ಲವೆಂಬ ಸ್ಥಿತಿಗೆ ಬಂದರು. ೧೯೬೪ರ ಅಕ್ಟೋಬರಿನಲ್ಲಿ ಲಾಲ್ ಬಹದ್ದೂರ ಶಾಸ್ತ್ರಿಗಳಿಗೂ ಸಿರಿಮಾವೋ ಬಂಡಾರನಾಯಕೆಯವರಿಗೂ ಒಪ್ಪಂದವಾಗಿ, ೯,೭೫,೦೦೦ ಜನರಲ್ಲಿ ೫,೨೫,೦೦೦ ಮಂದಿಯನ್ನು ಭಾರತವೂ ೩,೦೦,೦೦೦ ಮಂದಿಯನ್ನು ಸಿಲೋನೂ ಸ್ವೀಕರಿಸತಕ್ಕುದೆಂದು ಗೊತ್ತಾಯಿತು. ಉಳಿದ ೧,೫೦,೦೦೦ ಮಂದಿಯನ್ನು ೧೯೭೪ರಲ್ಲಿ ಸಮನಾಗಿ ಹಂಚಿಕೊಳ್ಳಲಾಯಿತು. ಆಸ್ತಿಯನ್ನು ಪಾಲುಮಾಡುವ ದಾಯಾದಿಗಳಂತೆ ಎರಡು ರಾಜ್ಯಗಳು ಮನುಷ್ಯರನ್ನು ಪಾಲುಮಾಡಿದುವು. ಕೊನೆಯದಾಗಿ ಉಳಿದವರಿಗೆ ಶ್ರೀಲಂಕೆಯ ಪೌರತ್ವವು ದೊರೆಯುವಂತೆ ಅಲ್ಲಿಯ ಪಾರ್ಲಿಮೆಂಟು ಶಾಸನಮಾಡಿದುದು ೨೦೦೩ರಲ್ಲಿ, ಮೊದಲ ಶಾಸನವಾಗಿ ಐವತ್ತೈದು ವರ್ಷಗಳಾದ ಮೇಲೆ. ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಬೇರೆ ದೇಶದವನೆಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನೆಂಬ ಅರ್ಥವೂ ಉಂಟು. ಯಾವ ದೇಶಕ್ಕೂ ಸೇರದವನ ಸ್ಥಿತಿಯನ್ನು ಈ ಎರಡನೆಯ ಅರ್ಥಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

೬

ಭಾರತದ ಇತಿಹಾಸದಲ್ಲಿ ಈ ಎರಡು ನಿಯಮಗಳ ಹಗ್ಗಜಗ್ಗಾಟವು ಸ್ಪಷ್ಟವಾಗಿ ಕಾಣುತ್ತದೆ. ೧೯೪೭ಕ್ಕೆ ಮುಂಚಿನ ಕನ್ನಡನಾಡನ್ನೇ ತೆಗೆದುಕೊಳ್ಳಬಹುದು. ಧಾರವಾಡದಲ್ಲಾಗಲಿ ಮಂಗಳೂರಿನಲ್ಲಾಗಲಿ ಹುಟ್ಟಿದವನು ಕಾಲ್ವಿನ್ನನ ಮೊಕದ್ದಮೆಯ ತತ್ತ್ವದಂತೆ ಬ್ರಿಟಿಷ್ ಚಕ್ರವರ್ತಿಯ ಜನ್ಮಸಿದ್ಧ ಪ್ರಜೆ. ಮೈಸೂರಿನಲ್ಲಿ ಹುಟ್ಟಿದವನು ಮಹಾರಾಜರ ಪ್ರಜೆ. ಕಲಬುರ್ಗಿಯಲ್ಲಿ ಹುಟ್ಟಿದವನು ನಿಜಾಮರ ಪ್ರಜೆ. ಹೊರದೇಶಗಳಲ್ಲಿ ಇವರು ಬ್ರಿಟಿಷರ ರಕ್ಷಣೆಗೆ ಒಳಪಟ್ಟವರು ಮಾತ್ರ. ಒಂದೇ ನುಡಿಯನ್ನಾಡುವ ಬೀಗರಲ್ಲಿ ಒಬ್ಬನು ಒಂದು ಬಗೆಯವನು, ಇನ್ನೊಬ್ಬನು ಮತ್ತೊಂದು ಬಗೆಯವನು.

೧೯೪೭ರ ಏಪ್ರಿಲಿನಲ್ಲಿ ರಾಜ್ಯಾಂಗರಚನಾಸಭೆಯ ಮುಂದೆ ಈ ವಿಷಯವು ಬಂದಾಗ ಸರ್ದಾರ್ ವಲ್ಲಭಭಾಯಿ ಪಟೇಲರು ಜನ್ಮಸ್ಥಾನನಿಯಮದ ಪರವಾಗಿ ನಿಂತರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಭಾರತೀಯರಿಗೆ ಆ ದೇಶದ ಪೌರತ್ವವು ಸಲ್ಲಬೇಕೆಂದು ಕೇಳುತ್ತಿರುವ ನಾವು ನಮ್ಮ ನೆಲದಲ್ಲಿ ಹುಟ್ಟಿದವರ ವಿಷಯದಲ್ಲಿ ಸಂಕುಚಿತ ದೃಷ್ಟಿಯನ್ನು ತಳೆಯುವುದು ಸರಿಯಲ್ಲವೆಂಬುದು ಅವರ ವಾದದ ಸಾರ. ಆಮೇಲೆ ದೇಶವಿಭಾಗವೂ ಅದರಿಂದ ನಿರಾಶ್ರಿತರ ಪ್ರವಾಹವೂ ಉಂಟಾಗಿ ಪ್ರಶ್ನೆಯು ಜಟಿಲವಾಯಿತು. ೧೯೪೯ರ ಆಗಸ್ಟಿನಲ್ಲಿ ಡಾಕ್ಟರ್ ಅಂಬೇಡ್ಕರರು ಪೌರತ್ವದ ವಿಧಿಗಳನ್ನು ಮಂಡಿಸಿದಾಗ, ಇವು ಪೌರತ್ವವನ್ನು ಅಗ್ಗಮಾಡುತ್ತವೆಂದು ಪಂಜಾಬರಾವ್ ದೇಶಮುಖರು ಆಕ್ಷೇಪಿಸಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರು ವಿಧಿಗಳನ್ನು ಸಮರ್ಥಿಸಿದರು. ಅಂಗೀಕೃತವಾದ ೫ನೆಯ ವಿಧಿಯಲ್ಲಿ ಎರಡು ನಿಯಮಗಳಿಗೂ ಎಡೆಯುಂಟು: ಭಾರತದಲ್ಲಿ ನೆಲೆಯುಳ್ಳವನು ಇಲ್ಲಿ ಹುಟ್ಟಿರಬೇಕು, ಇಲ್ಲವೆ ತಂದೆತಾಯಿಗಳಲ್ಲೊಬ್ಬರು ಇಲ್ಲಿ ಹುಟ್ಟಿರಬೇಕು, ಇಲ್ಲವೆ ಐದು ವರ್ಷಗಳಿಂದ ಇಲ್ಲಿ ವಾಸವಾಗಿರಬೇಕು. ಈ ವಿಧಿಯು ಜಾರಿಗೆ ಬಂದ ೧೯೪೯ರ ನವೆಂಬರ್ ೨೬ರಂದು ಧಾರವಾಡದವನೂ ಮೈಸೂರಿನವನೂ ಕಲಬುರ್ಗಿಯವನೂ ಒಂದೇ ನಿಯಮದಿಂದ ಒಂದೇ ರಾಜ್ಯದ ಪೌರರಾದರು.

೧೯೫೫ರ ಪೌರತ್ವಶಾಸನವು ೧೯೫೦ರ ಜನವರಿ ೨೬ರಿಂದ ಮುಂದೆ ಭಾರತದಲ್ಲಿ ಹುಟ್ಟಿದ ಪ್ರತಿಯೊಬ್ಬನನ್ನೂ, ರಾಯಭಾರಿಗಳ ಮಕ್ಕಳು ಮೊದಲಾದ ಕೆಲವರ ಹೊರತು, ಪೌರನೆಂದಿತು. ಹೊರದೇಶದಲ್ಲಿ ಹುಟ್ಟಿದವನಿಗೆ ಮಾತ್ರ ವಂಶನಿಯಮ. ಅದೂ ತಂದೆಯ ಮೂಲಕವೇ. ತಾಯಿಯ ಮೂಲಕವೂ ಸಲ್ಲುವಂತಾದುದು ೧೯೯೨ರ ತಿದ್ದುಪಾಟಿನಿಂದ. ಆದರೆ ಅಸ್ಸಾಮಿನ ಚಳವಳಿಯೂ ೧೯೮೫ರ ಒಪ್ಪಂದವೂ ಆದ ಮೇಲೆ ನೆಲದ ನಿಯಮವು ಹಿಂದೆ ಸರಿಯತೊಡಗಿತು. ೧೯೮೭ರ ಜುಲೈ ೧ರಿಂದ ಇಲ್ಲಿ ಹುಟ್ಟಿದವನ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕಾಯಿತು. ೨೦೦೪ರ ಡಿಸೆಂಬರ್ ೩ರಿಂದ ಇಬ್ಬರೂ ಪೌರರಾಗಿರಬೇಕು, ಇಲ್ಲವೆ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ೨೦೧೯ರ ತಿದ್ದುಪಾಟು ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ ೨೦೧೪ರ ಅಂತ್ಯದೊಳಗೆ ಬಂದ ಆರು ಮತಗಳವರಿಗೆ ಪೌರತ್ವದ ದಾರಿಯನ್ನು ಸುಗಮಗೊಳಿಸಿ, ನೆಲ ವಂಶಗಳ ಜೊತೆಗೆ ಮತವೆಂಬ ಮೂರನೆಯ ಲಕ್ಷಣವನ್ನು ಶಾಸನದೊಳಕ್ಕೆ ತಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಅಸ್ಸಾಮಿನ ಪೌರರ ಪಟ್ಟಿಯು ಪ್ರಕಟವಾದಾಗ ಅರ್ಜಿಹಾಕಿದ ಸುಮಾರು ೩ ಕೋಟಿ ೩೦ ಲಕ್ಷ ಜನರಲ್ಲಿ ೧೯ ಲಕ್ಷಕ್ಕೂ ಮೇಲ್ಪಟ್ಟವರ ಹೆಸರುಗಳು ಅದರಲ್ಲಿರಲಿಲ್ಲ. ತಾವೋ ತಮ್ಮ ಹಿರಿಯರೋ ೧೯೭೧ರ ಮಾರ್ಚ್ ೨೪ರೊಳಗೆ ಇಲ್ಲಿದ್ದರೆಂಬುದನ್ನು ಅವರು ಕಾಗದಗಳಿಂದ ತೋರಿಸಬೇಕಾಗಿದ್ದಿತು.

೭

ಮೇಲೆ ವಿವರಿಸಿದ ಸಂಗತಿಗಳಿಂದ ಮೂರು ವಿಷಯಗಳು ಹೊರಪಡುತ್ತವೆ.

ಮೊದಲನೆಯದಾಗಿ, ಎರಡು ನಿಯಮಗಳಲ್ಲಿ ಯಾವುದಕ್ಕೂ ತನ್ನದೇ ಆದ ಗುಣದೋಷಗಳು ಸ್ಥಿರವಾಗಿ ಅಂಟಿಕೊಂಡಿಲ್ಲ. ನೆಲದ ನಿಯಮವು ಇಂಗ್ಲೆಂಡಿನಲ್ಲಿ ಒಡೆತನವಾಗಿ, ಫ್ರಾನ್ಸಿನಲ್ಲಿ ಸೈನ್ಯದ ಪೂರೈಕೆಯಾಗಿ, ಅಮೆರಿಕದಲ್ಲಿ ವಿಮೋಚನೆಯಾಗಿ ಕಾಣಿಸಿತು. ವಂಶನಿಯಮವು ೧೮೦೪ರಲ್ಲಿ ಮುಕ್ತಿಯ ಮಾರ್ಗವಾಗಿದ್ದುದು ೧೯೪೮ರಲ್ಲಿ ಮುಚ್ಚಿದ ಬಾಗಿಲಾಯಿತು. ಕೇವಲ ವಂಶವನ್ನೇ ನೆಚ್ಚಿದ್ದ ೧೯೧೩ರ ಜರ್ಮನ್ ಶಾಸನವು ೨೦೦೦ದಿಂದ ನೆಲಕ್ಕೂ ಎಡೆಕೊಟ್ಟಿತು. ನೆಲದ ನಿಯಮಕ್ಕೆ ತವರಾಗಿದ್ದ ಬ್ರಿಟನ್ನು ೧೯೮೩ರಿಂದ ತಂದೆತಾಯಿಗಳ ಸ್ಥಿತಿಯನ್ನೂ ವಿಚಾರಿಸತೊಡಗಿತು.

ಎರಡನೆಯದಾಗಿ, ವಂಶನಿಯಮವು ತನ್ನ ಕಾಲಮೇಲೆ ತಾನೇ ನಿಲ್ಲಲಾರದು. ಮಗನು ಪೌರನಾಗುವುದು ತಂದೆಯಿಂದ, ತಂದೆಯು ತಾತನಿಂದ ಎಂದು ಹೇಳುತ್ತ ಹೋದರೆ ಎಲ್ಲಿಯಾದರೂ ಒಂದು ಕಡೆ ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ತಾರ್ಕಿಕರು ಹೇಳುವ ಅನವಸ್ಥಾದೋಷವು ಬರುತ್ತದೆ. ಸಿಂಹಳದ ಶಾಸನವು ತಾತ ಮುತ್ತಾತರ ಜನ್ಮಸ್ಥಾನದಲ್ಲಿ ನಿಂತಿತು. ಭಾರತದ್ದು ಒಂದು ದಿನಾಂಕದಲ್ಲಿಯೂ ಅಂದು ಈ ನೆಲದಲ್ಲಿದ್ದವರಲ್ಲಿಯೂ ನಿಂತಿತು. ರಕ್ತವೆಂದು ಕರೆಯುವುದು ಕೊನೆಗೆ ಮತ್ತೊಂದು ತಲೆಮಾರಿನ ನೆಲವೇ ಆಗಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ನೆಲದ ನಿಯಮವು ಒಬ್ಬನ ಒಂದು ಜನನಕ್ಕೆ ಮಾತ್ರ ಪ್ರಮಾಣವನ್ನು ಕೇಳುತ್ತದೆ. ವಂಶನಿಯಮವು ತಲೆಮಾರುಗಳ ಸರಪಳಿಗೆ ಪ್ರಮಾಣವನ್ನು ಕೇಳುತ್ತದೆ. ಸರಪಳಿಯು ಉದ್ದವಾದಷ್ಟೂ ತುಂಡಾಗುವ ಕೊಂಡಿಗಳು ಹೆಚ್ಚು. ತುಂಡಾಗುವುದು ಬಡವನದು, ವಲಸೆಹೋದವನದು, ಓದುಬಾರದವನದು, ಮದುವೆಯಾಗಿ ಊರನ್ನೂ ಮನೆಯನ್ನೂ ಬಿಟ್ಟು ಬಂದ ಹೆಣ್ಣುಮಗಳದು. ಒಂದು ರಾಜ್ಯವು ಯಾರನ್ನು ತನ್ನವರೆಂದು ಎಣಿಸಬೇಕೆಂಬುದನ್ನು ತಾನೇ ನಿರ್ಣಯಿಸಿಕೊಳ್ಳುವ ಅಧಿಕಾರವುಳ್ಳದ್ದು, ಅದರಲ್ಲಿ ಸಂದೇಹವಿಲ್ಲ. ಆದುದರಿಂದ ಯಾವುದೇ ಪೌರತ್ವಶಾಸನವನ್ನು ಪರಿಶೀಲಿಸುವವರು ಅದು ನೆಲವನ್ನು ನಂಬಿದೆಯೋ ರಕ್ತವನ್ನು ನಂಬಿದೆಯೋ ಎಂದು ಕೇಳಿ ಸುಮ್ಮನಾಗಬಾರದು. ಪ್ರಮಾಣದ ಹೊರೆಯನ್ನು ಯಾರ ತಲೆಯ ಮೇಲೆ ಹೊರಿಸಿದೆ, ಎರಡು ರಾಜ್ಯಗಳ ನಿಯಮಗಳ ನಡುವೆ ಯಾವ ಕೂಸು ಜಾರಿಬೀಳುತ್ತದೆ ಎಂದು ಕೇಳಬೇಕು. ರಾಜ್ಯರಹಿತತೆಯನ್ನು ಕಡಮೆಮಾಡುವುದಕ್ಕಾಗಿ ೧೯೬೧ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಆದ ಒಡಂಬಡಿಕೆಯು ಇದೇ ಪ್ರಶ್ನೆಗೆ ಉತ್ತರವನ್ನು ಕೊಟ್ಟಿದೆ: ಬೇರೆ ಯಾವ ದೇಶವೂ ತನ್ನದೆನ್ನದ ಕೂಸಿಗೆ ಅದು ಹುಟ್ಟಿದ ದೇಶವೇ ಪೌರತ್ವವನ್ನು ಕೊಡತಕ್ಕುದು. ವಂಶವು ಕೈಬಿಟ್ಟಲ್ಲಿ ಹುಟ್ಟಿದ ನೆಲವಾದರೂ ಕೈಹಿಡಿಯಬೇಕೆಂಬ ಈ ತತ್ತ್ವಕ್ಕಿಂತ ಕಡಮೆಯಾದುದನ್ನು ಯಾವ ನಾಗರಿಕ ರಾಜ್ಯವೂ ತನ್ನ ಮಕ್ಕಳ ವಿಷಯದಲ್ಲಿ ಒಪ್ಪಲಾಗದು.